ಗೇಟಿಲ್ಲದ ಸ್ಟೇಷನ್: ಜರ್ಮನಿಗೆ ಹೊರಟವರಿಗೆ ಒಂದಿಷ್ಟು ಮಾತು

ನಮ್ಮ ಮೆಟ್ರೊದಲ್ಲಿ ಟೋಕನ್ ಇಲ್ಲದೆ ಒಳಗೆ ಹೋಗಲು ಆಗುವುದಿಲ್ಲ. ಗೇಟು ಬಿಡುವುದಿಲ್ಲ, ಪಕ್ಕದಲ್ಲಿ ಸೆಕ್ಯುರಿಟಿಯವರು ಬೇರೆ ನಿಂತಿರುತ್ತಾರೆ. ಜರ್ಮನಿಯ ಸ್ಟೇಷನ್‌ಗಳಲ್ಲಿ ಗೇಟೇ ಇಲ್ಲ. ರಸ್ತೆಯಿಂದ ನೇರ ಪ್ಲಾಟ್‌ಫಾರಂಗೆ, ಅಲ್ಲಿಂದ ನೇರ ರೈಲಿನೊಳಗೆ. ಯಾರೂ ಏನೂ ಕೇಳುವುದಿಲ್ಲ. ಮೊದಲ ಸಲ ಹೋದಾಗ ನನಗೆ ಇದು ತುಂಬಾ ಹಿಡಿಸಿತ್ತು. ಮೂರನೇ ದಿನ ಟಿಕೆಟ್ ಜೇಬಿನಲ್ಲಿ ಇಟ್ಟುಕೊಂಡೇ 60 ಯೂರೋ ದಂಡ ಕಟ್ಟಿದೆ.

ಆಗಿದ್ದಿಷ್ಟು. ಮೆಷಿನ್ನಿನಲ್ಲಿ ದುಡ್ಡು ಹಾಕಿ ಕಾಗದದ ಟಿಕೆಟ್ ತಗೊಂಡಿದ್ದೆ. ಪ್ಲಾಟ್‌ಫಾರಂಗೆ ಇಳಿಯುವ ಮೆಟ್ಟಿಲ ಹತ್ತಿರ ಕಂಬಕ್ಕೆ ಒಂದು ಚಿಕ್ಕ ಡಬ್ಬಿ ಇತ್ತು. ಅದರ ಬಾಯಿಗೆ ಟಿಕೆಟ್ ತೂರಿಸಿದರೆ ಟಿಕ್ ಅಂತ ಸದ್ದಾಗಿ ದಿನ, ಸಮಯದ ಮುದ್ರೆ ಬೀಳುತ್ತದೆ. ಆ ಮುದ್ರೆ ಬಿದ್ದ ಹೊತ್ತಿನಿಂದಲೇ ಟಿಕೆಟ್ ಶುರು. ಬೀಳದಿದ್ದರೆ ಅದೇ ಟಿಕೆಟನ್ನು ನಾಳೆಯೂ ಬಳಸಬಹುದಲ್ವಾ, ಅದಕ್ಕೇ ಅವರ ಲೆಕ್ಕದಲ್ಲಿ ಅದು ಟಿಕೆಟ್ಟೇ ಅಲ್ಲ. ನಾನು ಡಬ್ಬಿಯನ್ನು ನೋಡಿದ್ದೆ, ಏನೋ ಇರಬೇಕು ಅಂತ ದಾಟಿ ಹೋಗಿದ್ದೆ. ಬಾಗಿಲು ಮುಚ್ಚಿದ್ದೇ ತಡ, ಎದುರು ಸೀಟಿನಲ್ಲಿ ಫೋನ್ ನೋಡುತ್ತಾ ಕೂತಿದ್ದ ಜೀನ್ಸಿನವರು ಎದ್ದು ನಿಂತು ಕಾರ್ಡ್ ತೋರಿಸಿದರು. ಗೊತ್ತಿರಲಿಲ್ಲ ಅಂದೆ. ಅವರು ನಗುತ್ತಲೇ ಟಿಕೆಟ್ಟಿನ ಮೇಲಿದ್ದ ಸಾಲಿಗೆ ಬೆರಳಿಟ್ಟರು.

ಆ ದೇಶ ನಡೆಯುವುದೇ ಹೀಗೆ. ಬಾಗಿಲು ತೆರೆದೇ ಇರುತ್ತದೆ, ತಡೆಯುವವರು ಇರುವುದಿಲ್ಲ, ಆದರೆ ನಿಯಮ ತಿಳಿದುಕೊಳ್ಳುವುದು ನಿಮ್ಮ ಕೆಲಸ. ಈ ಒಂದು ವಿಷಯ ತಲೆಯಲ್ಲಿ ಕೂತರೆ ವೀಸಾದಿಂದ ಹಿಡಿದು ಖಾಲಿ ನೀರಿನ ಬಾಟಲಿಯವರೆಗೆ ಎಲ್ಲವೂ ಅರ್ಥವಾಗುತ್ತದೆ.

ದಿನಗಳ ಲೆಕ್ಕ

ಪ್ರವಾಸಕ್ಕೆ ಬೇಕಿರುವುದು ಷೆಂಗೆನ್ ವೀಸಾ. ಇದೊಂದರಲ್ಲಿ 29 ದೇಶಗಳನ್ನು ಸುತ್ತಬಹುದು. ಹೆಚ್ಚು ದಿನ ಎಲ್ಲಿ ಇರುತ್ತೀರೋ ಆ ದೇಶದ ವೀಸಾಕ್ಕೆ ಅರ್ಜಿ ಹಾಕಬೇಕು. ಎಲ್ಲ ಕಡೆ ಸಮ ದಿನವಾದರೆ ಮೊದಲು ಕಾಲಿಡುವ ದೇಶ. ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಚಿಕಿತ್ಸಾ ವೆಚ್ಚ ಭರಿಸುವ ಇನ್ಶೂರೆನ್ಸ್ ಕಡ್ಡಾಯ. ಪ್ರಯಾಣದ ಆರು ತಿಂಗಳ ಮುಂಚೆಯಿಂದ ಅರ್ಜಿ ತಗೊಳ್ಳುತ್ತಾರೆ. ಬೇಸಿಗೆ ರಜೆಗೆ ಹೋಗುವವರು ಆದಷ್ಟು ಬೇಗ ಹಾಕುವುದು ಒಳ್ಳೆಯದು.

ಜನ ಎಡವುವುದು ಅರ್ಜಿಯಲ್ಲಿ ಅಲ್ಲ, ದಿನ ಎಣಿಸುವುದರಲ್ಲಿ. "180 ದಿನಗಳಲ್ಲಿ 90 ದಿನ" ಎಂಬ ನಿಯಮವನ್ನು ಹಲವರು ಆರು ತಿಂಗಳಿಗೊಮ್ಮೆ ಹೊಸದಾಗಿ ಶುರುವಾಗುವ ಲೆಕ್ಕ ಅಂದುಕೊಳ್ಳುತ್ತಾರೆ. ಹಾಗಲ್ಲ. ನೀವು ಅಲ್ಲಿರುವ ಪ್ರತಿ ದಿನವೂ ನಿಂತು ಹಿಂದಕ್ಕೆ ನೋಡಬೇಕು. ಆ ದಿನವನ್ನೂ ಸೇರಿಸಿ ಹಿಂದಿನ 180 ದಿನಗಳಲ್ಲಿ ಷೆಂಗೆನ್ ಒಳಗೆ ಎಷ್ಟು ದಿನ ಇದ್ದಿರಿ? 90 ದಾಟಬಾರದು. ಒಂದು ಉದಾಹರಣೆ ನೋಡಿ. ಬೆಂಗಳೂರಿನ ಅಪ್ಪ ಅಮ್ಮ ಮ್ಯೂನಿಕ್‌ನಲ್ಲಿರುವ ಮಗಳ ಮನೆಗೆ ಮಾರ್ಚ್ 1ಕ್ಕೆ ಹೋಗಿ ಮೇ 29ಕ್ಕೆ ವಾಪಸ್ ಹೊರಟರು. ಸರಿಯಾಗಿ 90 ದಿನ ಮುಗಿಯಿತು. ಮತ್ತೆ ಯಾವಾಗ ಹೋಗಬಹುದು? ಮಾರ್ಚ್ 1 ಎಂಬ ದಿನ 180 ದಿನಗಳ ಹಿಂದಕ್ಕೆ ಜಾರಿದ ಮೇಲೆ, ಅಂದರೆ ಆಗಸ್ಟ್ 28ಕ್ಕೆ. ಒಂದು ದಿನ ಮುಂಚೆ ಹೋದರೂ ತಪ್ಪು. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ರಾತ್ರಿ ಹನ್ನೊಂದೂವರೆಗೆ ಇಳಿದರೂ ಅದು ಒಂದು ಪೂರ್ತಿ ದಿನ.

ವೀಸಾ ಚೀಟಿಯ ಮೇಲೂ ಎರಡು ಲೆಕ್ಕ ಇರುತ್ತದೆ. ಎಂದಿನಿಂದ ಎಂದಿನವರೆಗೆ ಎಂಬುದು ಒಂದು. ಒಟ್ಟು ಎಷ್ಟು ದಿನ ಇರಬಹುದು ಎಂಬುದು ಇನ್ನೊಂದು. ತಾರೀಖು ನೋಡಿದರೆ ಒಂದು ತಿಂಗಳಿದೆ, ದಿನದ ಜಾಗದಲ್ಲಿ 15 ಅಂತ ಇದೆ ಎಂದರೆ ನಿಮಗೆ ಸಿಕ್ಕಿರುವುದು ಹದಿನೈದೇ ದಿನ. ಮೊದಲೆಲ್ಲ ಪಾಸ್‌ಪೋರ್ಟ್ ಸೀಲು ನೋಡಿ ಅಧಿಕಾರಿಗಳು ಎಣಿಸುತ್ತಿದ್ದರು. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಇಇಎಸ್ ಎಂಬ ಹೊಸ ವ್ಯವಸ್ಥೆ ಬಂದಿದೆ. ಮುಖದ ಫೋಟೊ ತೆಗೆದು, ಬಂದಿದ್ದು ಹೋಗಿದ್ದು ಎಲ್ಲ ಕಂಪ್ಯೂಟರಿನಲ್ಲಿ ದಾಖಲು ಮಾಡುತ್ತದೆ. ಸೀಲು ಮಸುಕಾಗಿದೆ ಎಂಬ ಸಬೂಬು ಇನ್ನು ನಡೆಯುವುದಿಲ್ಲ.

ಸೂಟ್‌ಕೇಸಿನಲ್ಲಿ ತುಪ್ಪ ಬೇಡ

ಮಗಳ ಮನೆಗೆ ಬರಿಗೈಯಲ್ಲಿ ಹೋಗೋದು ಹೇಗೆ ಅಂತ ಅಮ್ಮಂದಿರು ತುಪ್ಪದ ಡಬ್ಬಿ ಇಡುತ್ತಾರೆ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವ ಹಾಗಿಲ್ಲ. ತುಪ್ಪ, ಪನ್ನೀರ್ ಎಲ್ಲ ಇದರಲ್ಲೇ ಬಂತು. ಧಾರವಾಡ ಪೇಡವೂ ಹಾಲಿನದೇ, ಹಾಗಾಗಿ ನಾನು ಒಯ್ಯುವುದಿಲ್ಲ. ಹಸಿ ಹಣ್ಣು, ತರಕಾರಿ, ಸೊಪ್ಪಿಗೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. ಅದು ಪ್ರಯಾಣಿಕರ ಹತ್ತಿರ ಎಲ್ಲಿಂದ ಬರಬೇಕು? ಮಾವಿನಹಣ್ಣು, ಕರಿಬೇವು ಎರಡೂ ಮನೆಯಲ್ಲೇ ಇರಲಿ. ಐದು ಹಣ್ಣುಗಳಿಗೆ ಮಾತ್ರ ವಿನಾಯಿತಿ: ಬಾಳೆ, ತೆಂಗು, ಅನಾನಸ್, ಖರ್ಜೂರ, ಡ್ಯೂರಿಯನ್. ಅಂದರೆ ತೆಂಗಿನಕಾಯಿ ಒಯ್ಯಬಹುದು, ಕರಿಬೇವು ಒಯ್ಯುವಂತಿಲ್ಲ. ಚಟ್ನಿಗೆ ಅರ್ಧ ಅನುಮತಿ! ಸಾರಿನ ಪುಡಿ, ಚಟ್ನಿಪುಡಿಗೆ ಏನೂ ತೊಂದರೆಯಿಲ್ಲ.

ಇಲ್ಲೂ ಅದೇ ಕಥೆ. ಹೊರಗೆ ಬರುವ ದಾರಿಯಲ್ಲಿ ಹಸಿರು, ಕೆಂಪು ಎಂದು ಎರಡು ಬಾಗಿಲು ಇರುತ್ತವೆ. ಹಸಿರು ಬಾಗಿಲಿನಲ್ಲಿ ನಡೆದರೆ "ನನ್ನ ಹತ್ತಿರ ಹೇಳಿಕೊಳ್ಳಬೇಕಾದ್ದು ಏನೂ ಇಲ್ಲ" ಎಂದು ನೀವೇ ಹೇಳಿದ ಹಾಗೆ. ಆಮೇಲೆ ಪೆಟ್ಟಿಗೆ ತೆರೆಸಿದರೆ ಮಾತಿಗೆ ಜಾಗ ಇಲ್ಲ.

ರೈಲು, ರೈಲು, ರೈಲು

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೂ ಮ್ಯೂನಿಕ್‌ಗೂ ನೇರ ವಿಮಾನ ಇದೆ. ಇಳಿದ ಮೇಲೆ ಮುಂದಿನದೆಲ್ಲ ರೈಲಿನ ಮೇಲೆ. ಅದರ ಟಿಕೆಟ್ ವ್ಯವಸ್ಥೆ ಮೊದಲ ನೋಟಕ್ಕೆ ತಲೆ ಕೆಡಿಸುತ್ತದೆ. ಆದರೆ ರೈಲುಗಳನ್ನು ಎರಡು ಗುಂಪು ಮಾಡಿಕೊಂಡರೆ ಮುಗಿಯಿತು. ಐಸಿಇ, ಐಸಿ, ಇಸಿ ಎಂದು ಬರೆದಿರುವವು ದೂರದ ವೇಗದ ರೈಲು. ಆರ್‌ಇ, ಆರ್‌ಬಿ, ಎಸ್-ಬಾನ್ ಎಂದಿರುವವು ಹತ್ತಿರದ ಊರುಗಳ ರೈಲು, ನಮ್ಮ ಪ್ಯಾಸೆಂಜರ್ ಇದ್ದ ಹಾಗೆ. ಯು-ಬಾನ್ ಅಂದರೆ ಊರೊಳಗಿನ ಮೆಟ್ರೊ. ಯಾವ ಟಿಕೆಟ್ ಯಾವ ಗುಂಪಿಗೆ ಎಂಬುದೇ ಇಡೀ ಗುಟ್ಟು.

ಎರಡನೇ ಗುಂಪಿಗೆ ಡಾಯ್ಚ್‌ಲಾಂಡ್ ಟಿಕೆಟ್ ಎಂಬುದೊಂದಿದೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು. 2025ಕ್ಕೆ 58 ಆಯಿತು, 2026ರ ಜನವರಿಯಿಂದ 63. ಇದೊಂದು ಇದ್ದರೆ ದೇಶದ ಯಾವ ಊರಿನಲ್ಲಾದರೂ ಬಸ್ಸು, ಟ್ರಾಮ್, ಯು-ಬಾನ್, ಎಸ್-ಬಾನ್, ಆರ್‌ಇ, ಆರ್‌ಬಿ ಹತ್ತಬಹುದು, ಇಡೀ ತಿಂಗಳು. ಪ್ರವಾಸಿಗರೂ ಕೊಳ್ಳಬಹುದು. ಎರಡು ವಾರ ಇರುವವರಿಗೂ ಲಾಭವೇ ಜಾಸ್ತಿ. ಆದರೆ ಇದು ಚಂದಾ ಪದ್ಧತಿ. ತಿಂಗಳು ಅಂದರೆ ಕ್ಯಾಲೆಂಡರ್ ತಿಂಗಳು, ಕೊಂಡ ದಿನದಿಂದ ಮೂವತ್ತು ದಿನ ಅಲ್ಲ. ಬೇಡ ಅನ್ನುವುದನ್ನು ಆ ತಿಂಗಳ 10ನೇ ತಾರೀಖಿನೊಳಗೆ ಹೇಳಬೇಕು. ಇಲ್ಲವಾದರೆ ನೀವು ಊರಿಗೆ ಬಂದು ಮಾವಿನಕಾಯಿ ಚಿತ್ರಾನ್ನ ತಿನ್ನುತ್ತಿರುವಾಗ ಮುಂದಿನ ತಿಂಗಳ ದುಡ್ಡು ಕಾರ್ಡಿನಿಂದ ಹೋಗಿರುತ್ತದೆ. ನಾನು ಕೊಂಡ ದಿನವೇ ರದ್ದು ಮಾಡಿಬಿಡುತ್ತೇನೆ. ಆ ತಿಂಗಳು ಮುಗಿಯುವವರೆಗೆ ಟಿಕೆಟ್ ನಡೆಯುತ್ತದೆ. ಇದೇ ಟಿಕೆಟ್ ಹಿಡಿದು ಐಸಿಇ ಹತ್ತಿದರೆ ಮಾತ್ರ ನೀವು ಟಿಕೆಟ್ ಇಲ್ಲದವರೇ.

ಒಂದೇ ದಿನ ಮ್ಯೂನಿಕ್ ಇರುವ ಬವೇರಿಯಾ ರಾಜ್ಯ ಸುತ್ತುವ ಮನೆಮಂದಿಗೆ ಬಯರ್ನ್ ಟಿಕೆಟ್ ಸಾಕು. ಐದು ಜನ ಒಂದೇ ಟಿಕೆಟ್ಟಿನಲ್ಲಿ ಹೋಗಬಹುದು. ವಾರದ ದಿನ ಬೆಳಿಗ್ಗೆ 9ರ ಮೇಲೆ ಮಾತ್ರ ನಡೆಯುತ್ತದೆ, ಶನಿವಾರ, ಭಾನುವಾರ ಆ ತಡೆ ಇಲ್ಲ. ಆಸ್ಟ್ರಿಯಾದ ಸಾಲ್ಸ್‌ಬುರ್ಗ್‌ವರೆಗೂ ಒಯ್ಯುತ್ತದೆ. ನೊಯ್‌ಶ್ವಾನ್‌ಸ್ಟೈನ್ ಕೋಟೆ ನೋಡಲು ಮ್ಯೂನಿಕ್‌ನಿಂದ ಫ್ಯೂಸೆನ್‌ಗೆ ಸುಮಾರು ಎರಡು ಗಂಟೆ, ಅಲ್ಲಿಂದ ಬಸ್ಸು. ಕೋಟೆಯ ಒಳಗೆ ಹೋಗಲು ಬೇರೆ ಟಿಕೆಟ್ ಬೇಕು, ಅದರಲ್ಲಿ ನಿಮ್ಮ ಸರದಿಯ ಸಮಯ ಬರೆದಿರುತ್ತದೆ. ಮುಂಚೆಯೇ ಆನ್‌ಲೈನ್‌ನಲ್ಲಿ ಕೊಂಡಿರಿ. ಬಸ್ಸಿಳಿದ ಮೇಲೆ ಗುಡ್ಡ ಹತ್ತುವುದೂ ಇದೆ. ಆ ಸಮಯ ತಪ್ಪಿತೋ, ಹೊರಗಿನಿಂದ ಫೋಟೊ ತೆಗೆದುಕೊಂಡು ವಾಪಸ್.

ಇನ್ನು ಐಸಿಇ. ಮ್ಯೂನಿಕ್‌ನಿಂದ ಬರ್ಲಿನ್‌ಗೆ ಸುಮಾರು ನಾಲ್ಕು ಗಂಟೆ. ಅದೇ ದಾರಿ ಪ್ಯಾಸೆಂಜರ್ ರೈಲುಗಳಲ್ಲಿ ಹೋದರೆ ಒಂದು ದಿನವೇ ಕಳೆದುಹೋಗುತ್ತದೆ. ಇಲ್ಲಿ ಷ್ಪಾರ್‌ಪ್ರೈಸ್, ಫ್ಲೆಕ್ಸ್‌ಪ್ರೈಸ್ ಎಂದು ಎರಡು ಬಗೆ. ಷ್ಪಾರ್‌ಪ್ರೈಸ್ ಅಗ್ಗ, ಮುಂಚೆ ಕೊಂಡಷ್ಟೂ ಅಗ್ಗ. ಆದರೆ ಆ ದಿನದ ಆ ರೈಲಿಗೆ ಮಾತ್ರ. 10:02ರ ರೈಲು ತಪ್ಪಿಸಿಕೊಂಡು 11:02ಕ್ಕೆ ಹತ್ತುವ ಹಾಗಿಲ್ಲ. ಫ್ಲೆಕ್ಸ್‌ಪ್ರೈಸ್ ದುಬಾರಿ, ಆದರೆ ಆ ದಿನ ಯಾವ ರೈಲಾದರೂ ನಡೆಯುತ್ತದೆ.

ಮತ್ತೆ ಒಂದು ಮಾತು ಕೇಳಿದರೆ ನಗುತ್ತೀರಿ. ಜರ್ಮನ್ನರು ಗಡಿಯಾರದ ಮುಳ್ಳಿನ ಹಾಗೆ ಅಂತ ನಾವು ಓದಿಕೊಂಡು ಬಂದವರಲ್ವಾ? 2024ರಲ್ಲಿ ಅವರ ದೂರದ ರೈಲುಗಳಲ್ಲಿ ಸಮಯಕ್ಕೆ ಬಂದಿದ್ದು ಶೇಕಡ 62.5 ಮಾತ್ರ. ಅದೂ ಆರು ನಿಮಿಷದೊಳಗಿನ ತಡವನ್ನು ತಡವೇ ಅಲ್ಲ ಎಂದು ಹಿಡಿದು. ಹಾಗಾಗಿ ಐದು ನಿಮಿಷದಲ್ಲಿ ರೈಲು ಬದಲಿಸುವ ಯೋಜನೆ ಹಾಕಬೇಡಿ, ಅರ್ಧ ಗಂಟೆಯಾದರೂ ಬಿಡಿ. ವಾಪಸ್ ವಿಮಾನ ಹಿಡಿಯುವ ದಿನವಾದರೆ ಇನ್ನೂ ಒಂದೆರಡು ಗಂಟೆ ಮುಂಚಿನ ರೈಲು ಹತ್ತಿ. ಒಳ್ಳೆಯ ಸುದ್ದಿಯೂ ಇದೆ. ನೀವು ಇಳಿಯುವ ಊರಿಗೆ 20 ನಿಮಿಷಕ್ಕಿಂತ ಜಾಸ್ತಿ ತಡವಾಗುವ ಹಾಗಿದ್ದರೆ ಆ ರೈಲಿಗೇ ಕಟ್ಟಿದ ಷ್ಪಾರ್‌ಪ್ರೈಸ್ ಗಂಟು ಬಿಚ್ಚಿಕೊಳ್ಳುತ್ತದೆ, ಬೇರೆ ರೈಲು ಹತ್ತಬಹುದು. ಒಂದು ಗಂಟೆ ತಡವಾದರೆ ದರದ ಕಾಲು ಭಾಗ, ಎರಡು ಗಂಟೆಯಾದರೆ ಅರ್ಧ ಭಾಗ ವಾಪಸ್. ಆದರೆ ತಾವಾಗಿ ಕೊಡುವುದಿಲ್ಲ. ಅರ್ಜಿ ನೀವೇ ಹಾಕಬೇಕು.

ಸೀಟು ಬೇಕಾದರೆ ಬೇರೆ ದುಡ್ಡು. ಟಿಕೆಟ್ ಕೊಂಡ ಮಾತ್ರಕ್ಕೆ ಸೀಟಿಲ್ಲ. ಕೂತುಕೊಂಡ ಮೇಲೆ ಯಾರಾದರೂ ಬಂದು ಇದು ನನ್ನದು ಅಂದರೆ ಎದ್ದೇಳಬೇಕು. ವಯಸ್ಸಾದವರು, ಮಕ್ಕಳಿದ್ದರೆ ಕಾದಿರಿಸಿಯೇ ಬಿಡಿ.

ಕಾದಿರಿಸಿದ ಮೇಲೂ ಒಂದು ಆಟ ಉಳಿದಿರುತ್ತದೆ. ಪ್ಲಾಟ್‌ಫಾರಂ ಉದ್ದಕ್ಕೂ ಎ, ಬಿ, ಸಿ ಎಂದು ಅಕ್ಷರದ ಬೋರ್ಡುಗಳು ತೂಗುತ್ತಿರುತ್ತವೆ. ನಿಮ್ಮ ಬೋಗಿ ಯಾವ ಅಕ್ಷರದ ಎದುರು ನಿಲ್ಲುತ್ತದೆ ಎಂದು ಡಿಸ್‌ಪ್ಲೇಯಲ್ಲಿ ತೋರಿಸುತ್ತಾರೆ. ಒಂದು ಸಲ ನಾನು ಎ ಹತ್ತಿರ ಆರಾಮಾಗಿ ಕಾಫಿ ಕುಡಿಯುತ್ತಾ ನಿಂತಿದ್ದೆ. ಬೋಗಿಗಳ ಸಾಲು ಇವತ್ತು ತಿರುಗುಮುರುಗಾಗಿದೆ ಅಂತ ಜರ್ಮನ್‌ನಲ್ಲಿ ಹೇಳಿದರಂತೆ. ಸುತ್ತಲಿನವರೆಲ್ಲ ಸೂಟ್‌ಕೇಸ್ ಎಳೆದುಕೊಂಡು ಆ ಕಡೆಗೆ ಓಡಿದರು. ಯಾಕೆ ಅಂತ ಗೊತ್ತಾಗದೆ ನಾನೂ ಓಡಿದೆ. ರೈಲು ನಿಲ್ಲುವುದು ಎರಡು ಮೂರು ನಿಮಿಷ. ತಡವಾದರೆ ಹತ್ತಿರದ ಬಾಗಿಲಿಗೆ ಹತ್ತಿ ಒಳಗೇ ನಡೆಯಿರಿ ಅಂತ ಹೇಳುತ್ತಾರೆ, ಅದು ಅರ್ಧ ನಿಜ. ಎಷ್ಟೋ ಐಸಿಇಗಳು ಎರಡು ರೈಲು ಜೋಡಿಸಿದ ಒಂದು ರೈಲು. ಒಂದರಿಂದ ಇನ್ನೊಂದಕ್ಕೆ ಒಳಗಿನಿಂದ ದಾರಿ ಇರುವುದಿಲ್ಲ. ಬರ್ಲಿನ್‌ನಿಂದ ಕ್ಯೋಲ್ನ್ ಕಡೆಗೆ ಹೋಗುವ ಕೆಲವು ರೈಲು ಹಾಮ್ ಎಂಬ ಊರಿನಲ್ಲಿ ಎರಡಾಗಿ ಸೀಳುತ್ತವೆ. ಒಂದು ಭಾಗ ಡಾರ್ಟ್‌ಮುಂಡ್, ಎಸೆನ್ ದಾರಿ ಹಿಡಿದರೆ ಇನ್ನೊಂದು ವುಪ್ಪರ್ಟಾಲ್ ಕಡೆ ಹೋಗುತ್ತದೆ. ನಮ್ಮಲ್ಲಿ ಹಿಂದೆ ಸ್ಲಿಪ್ ಕೋಚ್ ಅನ್ನುತ್ತಿದ್ದರಲ್ಲ, ಹೆಚ್ಚುಕಮ್ಮಿ ಹಾಗೆ. ಬಾಗಿಲ ಪಕ್ಕದ ಬೋರ್ಡಿನಲ್ಲಿ ಯಾವ ಊರು ಬರೆದಿದೆ ಅಂತ ಓದಿಯೇ ಹತ್ತಿ.

ಬಾಗಿಲು ಅಂದಾಗ ನೆನಪಾಯಿತು. ಅದು ತಾನಾಗಿ ತೆರೆಯುತ್ತದೆ ಅಂತ ಕಾಯಬೇಡಿ. ಗುಂಡಿ ಒತ್ತಬೇಕು, ಒಳಗಿನಿಂದಾದರೂ ಹೊರಗಿನಿಂದಾದರೂ.

ಊರ ಹೆಸರಿನಲ್ಲೂ ಸ್ವಲ್ಪ ಎಚ್ಚರ. ಮ್ಯೂನಿಕ್ ಎಂದು ಬೋರ್ಡಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಅಲ್ಲಿ ಅದು ಮ್ಯುನ್ಶೆನ್. ಕಲೋನ್ ಅಂದರೆ ಕ್ಯೋಲ್ನ್. ಫ್ರಾಂಕ್‌ಫರ್ಟ್ ಎರಡಿವೆ! ವಿಮಾನ ಇಳಿಯುವುದು ಮೈನ್ ನದಿಯ ಫ್ರಾಂಕ್‌ಫರ್ಟ್. ಓಡರ್ ನದಿಯ ಫ್ರಾಂಕ್‌ಫರ್ಟ್ ಇರುವುದು ಪೋಲೆಂಡ್ ಗಡಿಯಲ್ಲಿ. ಹೋಟೆಲ್ ಬಹಳ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಡುವ ಮುಂಚೆ ನದಿಯ ಹೆಸರು ನೋಡಿಕೊಳ್ಳಿ.

ಭಾನುವಾರ, ಬಾಟಲಿ, ಊಟ

ಭಾನುವಾರ ಅಂಗಡಿ ಮುಚ್ಚಿರುತ್ತದೆ. ಸೂಪರ್‌ಮಾರ್ಕೆಟ್, ಬಟ್ಟೆ ಅಂಗಡಿ, ಮಾಲ್ ಎಲ್ಲವೂ. ಭಾನುವಾರದ ವಿಶ್ರಾಂತಿ ಅಲ್ಲಿ ಸಂವಿಧಾನದಲ್ಲೇ ಇದೆ. 1919ರ ವೈಮಾರ್ ಸಂವಿಧಾನದ ಆ ವಿಧಿಯನ್ನು ಈಗಿನ ಸಂವಿಧಾನಕ್ಕೂ ಸೇರಿಸಿಕೊಂಡಿದ್ದಾರೆ. ಹೋಟೆಲ್, ಮ್ಯೂಸಿಯಂ ತೆರೆದಿರುತ್ತವೆ, ಬೇಕರಿ ಕೆಲವು ಗಂಟೆ. ಹಾಲು, ಮೊಸರು, ಅಕ್ಕಿ ಬೇಕಾದರೆ ದೊಡ್ಡ ರೈಲ್ವೆ ಸ್ಟೇಷನ್ನಿನ ಅಂಗಡಿ ಅಥವಾ ಪೆಟ್ರೋಲ್ ಬಂಕ್ ಗತಿ, ಬೆಲೆಯೂ ಜಾಸ್ತಿ. ಶನಿವಾರ ರಾತ್ರಿ ಇಳಿಯುವವರು ಎರಡು ಪ್ಯಾಕೆಟ್ ಅವಲಕ್ಕಿ ಇಟ್ಟುಕೊಂಡಿದ್ದರೆ ಭಾನುವಾರ ನೆಮ್ಮದಿ. ಈಸ್ಟರ್ ಸಮಯದಲ್ಲಿ ಶುಕ್ರವಾರ, ಭಾನುವಾರ, ಸೋಮವಾರ ಮೂರೂ ದಿನ ಬಂದ್, ಮಧ್ಯದ ಶನಿವಾರ ಅಂಗಡಿಗಳಲ್ಲಿ ಜಾತ್ರೆ.

ಅಂಗಡಿಯಲ್ಲಿ ನೀರಿನ ಬಾಟಲಿಗೆ ಬೋರ್ಡಿನಲ್ಲಿ ಇದ್ದದ್ದಕ್ಕಿಂತ 25 ಸೆಂಟ್ ಜಾಸ್ತಿ ತಗೊಂಡರೆ ಜಗಳಕ್ಕೆ ನಿಲ್ಲಬೇಡಿ. ಅದು ಫಾಂಡ್, ಅಂದರೆ ಠೇವಣಿ. ನಮ್ಮಲ್ಲಿ ಹಿಂದೆ ಗೋಲಿಸೋಡಾ ಬಾಟಲಿ ಅಂಗಡಿಯವರಿಗೆ ವಾಪಸ್ ಕೊಡುತ್ತಿದ್ದ ಹಾಗೇ. ಒಮ್ಮೆ ಬಳಸಿ ಬಿಡುವ ಪ್ಲಾಸ್ಟಿಕ್ ಬಾಟಲಿ, ಡಬ್ಬಿಗೆ 25 ಸೆಂಟ್, ಸಾಮಾನ್ಯ ಬಿಯರ್ ಬಾಟಲಿಗೆ 8. ಸೂಪರ್‌ಮಾರ್ಕೆಟ್ಟಿನ ಮೂಲೆಯಲ್ಲಿ ಗೋಡೆಗೆ ಒಂದು ದುಂಡು ತೂತಿನ ಮೆಷಿನ್ ಇರುತ್ತದೆ. ಬಾಟಲಿಯನ್ನು ಮಲಗಿಸಿ ಒಳಗಿಟ್ಟರೆ ಅದನ್ನು ಗಿರಗಿರ ತಿರುಗಿಸಿ, ಬಾರ್‌ಕೋಡ್ ಓದಿ, ಗಬಕ್ಕನೆ ನುಂಗುತ್ತದೆ. ಕೊನೆಗೆ ಚೀಟಿ ಕೊಡುತ್ತದೆ, ಅದನ್ನು ಬಿಲ್ಲಿನ ಕೌಂಟರಿನಲ್ಲಿ ಕೊಟ್ಟರೆ ದುಡ್ಡು. ನಮಗೊಂದು ಅಭ್ಯಾಸ ಇದೆ. ನೀರು ಕುಡಿದು ಬಾಟಲಿಯನ್ನು ಹಿಂಡಿ ಎಸೆಯಬೇಕು ಅಂತ ಲೇಬಲ್ಲಿನ ಮೇಲೆಯೇ ಬರೆದಿರುತ್ತಾರೆ. ಅಲ್ಲಿ ಹಿಂಡಿದರೆ ಮೆಷಿನ್ ಓದುವುದಿಲ್ಲ, ಬಾಟಲಿಯನ್ನು ಹಾಗೇ ವಾಪಸ್ ತಳ್ಳುತ್ತದೆ. ಲೇಬಲ್ ಕೀಳಬೇಡಿ, ನಜ್ಜುಗುಜ್ಜು ಮಾಡಬೇಡಿ. ವಾಪಸ್ ಕೊಡಲು ಪುರುಸೊತ್ತಿಲ್ಲದವರು ಕಸದ ಬುಟ್ಟಿಯ ಪಕ್ಕದಲ್ಲಿ ನಿಲ್ಲಿಸಿ ಹೋಗುತ್ತಾರೆ, ಆಯ್ದು ಬದುಕುವವರಿಗೆ ಅನುಕೂಲವಾಗಲಿ ಅಂತ.

ನಲ್ಲಿ ನೀರು ಧೈರ್ಯವಾಗಿ ಕುಡಿಯಬಹುದು. ಆದರೆ ಹೋಟೆಲಿನಲ್ಲಿ ಕೂತ ತಕ್ಷಣ ಲೋಟದಲ್ಲಿ ನೀರು ತಂದಿಡುವ ಪದ್ಧತಿ ಇಲ್ಲ. ನೀರು ಕೇಳಿದರೆ ಬಾಟಲಿ, ಅದಕ್ಕೆ ದುಡ್ಡು, ಅದೂ ಸುಮ್ನೆ "ವಾಸರ್" ಅಂದರೆ ಸೋಡಾ ಬರುತ್ತದೆ. "ಷ್ಟಿಲ್" ಎಂದು ಸೇರಿಸಿ.

ಸಸ್ಯಾಹಾರಿಗಳಿಗೆ ಈಗ ಮೊದಲಿನಷ್ಟು ಕಷ್ಟ ಇಲ್ಲ. ಮೆನುವಿನಲ್ಲಿ "ವೆಗೆಟಾರಿಶ್" ಎಂದಿದ್ದರೆ ಮಾಂಸ ಇಲ್ಲ, ಮೊಟ್ಟೆ ಇರಬಹುದು. ಎರಡೂ ಬೇಡದವರು "ವೇಗನ್" ಕೇಳಿ. ಮೋಸ ಹೋಗುವುದು ತರಕಾರಿಯ ಹೆಸರಿರುವ ತಿಂಡಿಗಳಲ್ಲಿ. ಹುರಿದ ಆಲೂಗಡ್ಡೆಯಲ್ಲಿ ಹಂದಿಮಾಂಸದ ಚೂರು ಸಾಮಾನ್ಯ. ಜ಼ಾವರ್‌ಕ್ರೌಟ್ ಎಂಬ ಹುಳಿ ಎಲೆಕೋಸಿನಲ್ಲೂ ಅಷ್ಟೆ. ದಕ್ಷಿಣ ಜರ್ಮನಿಯ ಆಲೂಗಡ್ಡೆ ಸಲಾಡಿಗೆ ಮಾಂಸದ ಸಾರು ಹಾಕುತ್ತಾರೆ. "ಓನ ಷ್ಪೆಕ್?" ಎಂದು ಕೇಳುವುದು ಕಲಿತುಕೊಳ್ಳಿ, ಹಂದಿಮಾಂಸ ಇಲ್ಲ ತಾನೆ ಎಂದರ್ಥ. ಹಸಿವಾಗಿ ಸುಸ್ತಾದಾಗ ಟರ್ಕಿಯವರ ಅಂಗಡಿಯ ಫಲಾಫೆಲ್ ಎಂಬ ಕಡಲೆ ವಡೆ ಕೈಬಿಡುವುದಿಲ್ಲ.

ಬಿಲ್ ತರುವಾಗ ಒಟ್ಟಿಗೋ ಬೇರೆ ಬೇರೆಯೋ ಅಂತ ಕೇಳುತ್ತಾರೆ. ಸ್ನೇಹಿತರು ಬೇರೆ ಬೇರೆ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಟಿಪ್ಸ್ ಶೇಕಡ 5ರಿಂದ 10. ಬಿಲ್ 27,40 ಆಗಿದ್ದರೆ "30" ಅಂತ ಬಾಯಲ್ಲೇ ಹೇಳಿ ಕೊಡಿ. ಹೌದು, ಅಲ್ಲಿ ಚುಕ್ಕಿಯ ಜಾಗಕ್ಕೆ ಅಲ್ಪವಿರಾಮ. 1.000 ಎಂದು ಬರೆದಿದ್ದರೆ ಅದು ಒಂದಲ್ಲ, ಸಾವಿರ.

ಕಾರ್ಡ್ ನಡೆಯುತ್ತದೆ ಅಂತ ನಂಬಿ ಬರಿಗೈಯಲ್ಲಿ ಹೊರಡಬೇಡಿ. ಚಿಕ್ಕ ಬೇಕರಿ, ಹಳೇ ಹೋಟೆಲುಗಳಲ್ಲಿ ನಗದು ಮಾತ್ರ, ಅಥವಾ ಅವರ ದೇಶದ ಗಿರೋಕಾರ್ಡ್ ಮಾತ್ರ. ಜೇಬಿನಲ್ಲಿ ಐವತ್ತು ಯೂರೋ, ಜೊತೆಗೆ ಒಂದಿಷ್ಟು ಚಿಲ್ಲರೆ ಇರಲಿ. ಸ್ಟೇಷನ್ನಿನ ಶೌಚಾಲಯಕ್ಕೆ 1 ಯೂರೋ ಬೇಕು. ನಗುವ ವಿಷಯ ಏನಂದರೆ, ರೈಲಿಗಿಲ್ಲದ ಗೇಟು ಅಲ್ಲಿರುತ್ತದೆ!

ಕಷ್ಟಕಾಲಕ್ಕೆ 112: ಆಂಬುಲೆನ್ಸ್, ಅಗ್ನಿಶಾಮಕ. ಪೊಲೀಸರಿಗೆ 110. ಜೀವಕ್ಕೆ ಅಪಾಯವಿಲ್ಲ, ಆದರೆ ರಾತ್ರಿ ಜ್ವರ ಏರಿದೆ ಅಂದರೆ 116117ಕ್ಕೆ ಮಾಡಿ, ಡ್ಯೂಟಿಯಲ್ಲಿರುವ ಡಾಕ್ಟರ ದಾರಿ ತೋರಿಸುತ್ತಾರೆ. ಪ್ಯಾರಾಸಿಟಮಾಲ್ ಕೂಡ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುವುದಿಲ್ಲ, ಕೆಂಪು ಎ ಅಕ್ಷರದ ಔಷಧಿ ಅಂಗಡಿಗೇ ಹೋಗಬೇಕು. ಊರಿನಿಂದಲೇ ಒಯ್ಯುವುದು ಮೇಲು.

ಇನ್ನು ಯಾರಾದರೂ "ಹಾಲ್ಪ್ ಆಖ್ಟ್‌ಗೆ ಬನ್ನಿ" ಎಂದರೆ ಎಂಟೂವರೆಗೆ ಹೋಗಬೇಡಿ. ಎಂಟಕ್ಕೆ ಅರ್ಧ ಬಾಕಿ ಎಂಬ ಲೆಕ್ಕ ಅದು, ಏಳೂವರೆ. ಒಂದು ಗಂಟೆ ತಡವಾಗಿ ಊಟಕ್ಕೆ ಹೋದವರ ಮುಖ ಹೇಗಿರುತ್ತದೆ ಎಂದು ನಾನು ಬಲ್ಲೆ.

ಸ್ಟುಟ್‌ಗಾರ್ಟ್ ಕಡೆ ಹೋದವರು ಒಂದು ದಿನ ಉಳಿಸಿಕೊಳ್ಳಿ. ಡಾಯ್ಚ್‌ಲಾಂಡ್ ಟಿಕೆಟ್ಟಿನಲ್ಲೇ ಆರ್‌ಇ ಹತ್ತಿ ಸುಮಾರು ಒಂದು ಗಂಟೆ ಕೂತರೆ ಟ್ಯೂಬಿಂಗೆನ್. ದಾರಿಯಲ್ಲಿ ಎಸ್‌ಲಿಂಗೆನ್ ಸಿಗುತ್ತದೆ. 1843ರಲ್ಲಿ ಮಂಗಳೂರ ಸಮಾಚಾರ ಶುರು ಮಾಡಿದ ಹರ್ಮನ್ ಮೊಗ್ಲಿಂಗ್ 1881ರಲ್ಲಿ ತೀರಿಕೊಂಡಿದ್ದು ಅದೇ ಊರಿನಲ್ಲಿ. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟೆಲ್ ಕೊನೆಯ ದಿನಗಳನ್ನು ಕಳೆದಿದ್ದು ಟ್ಯೂಬಿಂಗೆನ್‌ನಲ್ಲಿ, 1903ರವರೆಗೆ. ಅಲ್ಲಿಯ ವಿಶ್ವವಿದ್ಯಾಲಯವೇ ಅವರಿಗೆ ಡಾಕ್ಟರೇಟ್ ಕೊಟ್ಟಿತು. ನೆಕಾರ್ ನದಿಯ ದಂಡೆಯಲ್ಲಿ ಬಣ್ಣಬಣ್ಣದ ಹಳೇ ಮನೆಗಳು, ಉದ್ದನೆಯ ದೋಣಿಗಳು. ರೈಲು ಊರೊಳಗೆ ಬರುವಾಗ ಕಿಟಕಿಯಿಂದ ಕಣ್ಣು ತೆಗೆದು ಬಾಗಿಲ ಹತ್ತಿರ ಬನ್ನಿ. ಗುಂಡಿ ಒತ್ತಬೇಕು, ನೆನಪಿದೆಯಲ್ಲ?